ಕಂಪ್ಯೂಟರ್ ಟಪ್ ಅಂತ ಆಫ್ ಆಗುತ್ತಿದೆ: ಎರಡು ದಿನ ಸರಿ ಇರುತ್ತೆ, ಮೂರನೇ ದಿನ ಕೈಕೊಡುತ್ತೆ

ಮಾನ್ವಿ ಮಾಸ್ತರ್ (ಗುರುವಾರ ರಾತ್ರಿ 9:40)
ಎಲ್ಲರಿಗೂ ನಮಸ್ಕಾರ. ಮನೆಯ ಕಂಪ್ಯೂಟರ್ ಬಗ್ಗೆ ಸಹಾಯ ಬೇಕು. ಐ3 ಎಂಟನೇ ತಲೆಮಾರಿನದ್ದು, 8 ಜಿಬಿ ರ‍್ಯಾಮ್, ವಿಂಡೋಸ್ 10. ಆರು ವರ್ಷ ಆಯ್ತು. ಗೇಮು ಗೀಮು ಏನೂ ಇಲ್ಲ. ಶಾಲೆಯಿಂದ ಬಂದ ಮೇಲೆ ನುಡಿ ತಂತ್ರಾಂಶ ಹಾಕ್ಕೊಂಡು ವರ್ಡ್‌ನಲ್ಲಿ ಕನ್ನಡ ಪ್ರಶ್ನೆಪತ್ರಿಕೆ ಟೈಪ್ ಮಾಡ್ತೀನಿ, ಮಗಳು ಯೂಟ್ಯೂಬ್ ಪಾಠ ನೋಡ್ತಾಳೆ, ಅಷ್ಟೇ.

ಈಗ ಒಂದು ವಾರದಿಂದ ಕೆಲಸ ಮಾಡ್ತಾ ಇರುವಾಗಲೇ ಟಪ್ ಅಂತ ಆಫ್ ಆಗುತ್ತೆ. ನೀಲಿ ಪರದೆ ಇಲ್ಲ, ಎರರ್ ಇಲ್ಲ, ಏನೂ ಇಲ್ಲ. ದಾರ ಕತ್ತರಿಸಿದ ಹಾಗೆ. ಮತ್ತೆ ಬಟನ್ ಒತ್ತಿದರೆ ಸುಮ್ನೆ ಆನ್ ಆಗುತ್ತೆ, ಹತ್ತು ನಿಮಿಷಕ್ಕೆ ಮತ್ತೆ ಹೋಗುತ್ತೆ. ಕೆಲವು ದಿನ ಮಾತ್ರ ಒಂದು ಸಲವೂ ತೊಂದರೆ ಕೊಡಲ್ಲ. ಇವತ್ತು ಏಳನೇ ತರಗತಿಯ ಸಮಾಜ ವಿಜ್ಞಾನದ ಎರಡೂವರೆ ಪುಟ ಹೋಯ್ತು. ಅದೇ ಪತ್ರಿಕೆ ಸೋಮವಾರವೂ ಹೋಗಿತ್ತು. ನನ್ನ ಹೊಟ್ಟೆ ಉರಿ ಕೇಳಬೇಡಿ.

ಕರೆಂಟ್ ಸಮಸ್ಯೆ ಅಲ್ಲ. ಯುಪಿಎಸ್ ಇದೆ. ಅದೇ ರೂಮಿನಲ್ಲಿ ವೈಫೈ ಡಬ್ಬಿ ನೇರ ಗೋಡೆಯ ಪ್ಲಗ್‌ನಲ್ಲಿದೆ, ಅದು ಆರಲ್ಲ. ಏನಿರಬಹುದು?

ಬಿಸಿಲೂರು ಹುಡುಗ (ಗುರುವಾರ 9:52)
ಸರ್, ಬಿಸಿ. ನೂರಕ್ಕೆ ತೊಂಬತ್ತು ಬಿಸಿ. ನಾನು ರಾಯಚೂರಿನವನು, ನಮ್ಮ ಹಾಸ್ಟೆಲ್‌ನಲ್ಲಿ ಬೇಸಿಗೆ ಬಂದರೆ ಲ್ಯಾಪ್‌ಟಾಪ್‌ಗಳು ಸಾಲಾಗಿ ಮಲಗ್ತವೆ. ಆರು ವರ್ಷದಲ್ಲಿ ಪ್ರೊಸೆಸರ್ ಮೇಲಿನ, ಬಿಸಿ ದಾಟಿಸೋ ಥರ್ಮಲ್ ಪೇಸ್ಟ್ ಒಣಗಿ ಸುಣ್ಣ ಆಗಿರುತ್ತೆ. ನಿಮ್ಮ ಪ್ರೊಸೆಸರ್‌ಗೆ 100 ಡಿಗ್ರಿ ಮಿತಿ. ಮೊದಲು ವೇಗ ಇಳಿಸ್ಕೊಳ್ಳುತ್ತೆ, ಆಮೇಲೂ ತಣ್ಣಗಾಗದಿದ್ದರೆ ತನ್ನ ಜೀವ ಉಳಿಸ್ಕೊಳ್ಳೋಕೆ ತಾನೇ ಆಫ್ ಆಗುತ್ತೆ. ಎಚ್‌ಡಬ್ಲ್ಯೂ ಮಾನಿಟರ್ ಅನ್ನೋ ತಂತ್ರಾಂಶ ಹಾಕಿ ಟೆಂಪರೇಚರ್ ನೋಡಿ ಹೇಳಿ.

ಭತ್ತದ ಕಣಜ (ಗುರುವಾರ 10:03)
ಫಾರ್ಮ್ಯಾಟ್ ಮಾಡಿ ಬಿಡಿ. ವೈರಸ್ ಇರುತ್ತೆ.

ಮಲ್ಟಿಮೀಟರ್ (ಗುರುವಾರ 10:05)
ಮೇಲಿನವರೇ, ಗಂಗಾವತಿಯಲ್ಲಿ ಹೊಟ್ಟೆನೋವು ಬಂದರೂ ಫಾರ್ಮ್ಯಾಟ್ ಮಾಡ್ತೀರೇನ್ರೀ? ಎರರ್ ಇಲ್ಲದೆ ದಾರ ಕತ್ತರಿಸಿದ ಹಾಗೆ ಹೋಗೋದು ಅಂದ್ರೆ ಹೆಚ್ಚಾಗಿ ಪವರ್ ಇಲ್ಲಾ ಬಿಸಿ. ವೈರಸ್ ಪಾಪ, ಅದಕ್ಕೂ ಕಂಪ್ಯೂಟರ್ ಆನ್ ಇದ್ದರೇ ಹೊಟ್ಟೆ ತುಂಬೋದು.

ಭತ್ತದ ಕಣಜ (ಗುರುವಾರ 10:09)
ನನ್ನದಕ್ಕೆ ಫಾರ್ಮ್ಯಾಟ್ ಮಾಡಿದ ಮೇಲೆ ಸರಿ ಹೋಯ್ತು ಸ್ವಾಮಿ. ಅನುಭವ ಹೇಳಿದೆ.

ತೋರಣಗಲ್ಲು ಧೂಳು (ಗುರುವಾರ 10:20)
ಕ್ಯಾಬಿನೆಟ್ ಬಿಚ್ಚಿ ನೋಡಿದ್ದೀರಾ ಮಾಸ್ತರ್ರೇ? ನಮ್ಮ ಕಡೆ ಅದಿರಿನ ಲಾರಿ ಓಡಾಡೋ ರಸ್ತೆ. ಒಂದು ವರ್ಷ ಬಿಟ್ಟು ಬಿಚ್ಚಿದರೆ ಫ್ಯಾನ್ ಕುಂಕುಮ ಹಚ್ಚಿದ ಹಾಗಿರುತ್ತೆ. ಪ್ರೊಸೆಸರ್ ಬಿಸಿ ಎಳೆಯೋ ಹೀಟ್ ಸಿಂಕಿನ ಸಂದಿಯಲ್ಲಿ ಗಾಳಿ ಆಡೋಕೆ ಜಾಗವೇ ಇರಲ್ಲ, ಫೆಲ್ಟ್ ಬಟ್ಟೆ ಹಾಸಿದ ಹಾಗೆ ಕೂತಿರುತ್ತೆ. ಬ್ಲೋವರ್ ಹೊಡೆಯಿರಿ. ಹೊಡೆಯುವಾಗ ಫ್ಯಾನನ್ನು ಬೆರಳಲ್ಲಿ ಹಿಡ್ಕೊಳ್ಳಿ. ಸುಮ್ನೆ ಬಿಟ್ಟರೆ ಗಿರಗಿರ ತಿರುಗಿ ಬೇರಿಂಗ್ ಹಾಳಾಗುತ್ತೆ. ನಾನು ಒಂದು ಹಾಗೇ ಕಳ್ಕೊಂಡೆ.

ಝೆರಾಕ್ಸ್ ಕಾಕಾ (ಗುರುವಾರ 10:31)
ಕೊಪ್ಪಳದಲ್ಲಿ ಹದಿನೆಂಟು ವರ್ಷದಿಂದ ಡಿಟಿಪಿ ಅಂಗಡಿ ಇಟ್ಟವನು ಹೇಳ್ತೀನಿ, ಮೊದಲು ಕಂಟ್ರೋಲ್ ಎಸ್ ಒತ್ತೋದು ಕಲೀರಿ ಸರ್. ಬೈತಿಲ್ಲ, ಪ್ರೀತಿಯಿಂದ ಹೇಳ್ತಿದ್ದೀನಿ. ವರ್ಡ್ ತಾನೇ ಹತ್ತು ನಿಮಿಷಕ್ಕೊಮ್ಮೆ ಒಂದು ಪ್ರತಿ ತೆಗೆದಿಟ್ಟಿರುತ್ತೆ. ಆಪ್ಷನ್ಸ್‌ನಲ್ಲಿ ಸೇವ್ ಅಂತ ಇದೆ, ಅಲ್ಲಿ 10 ತೆಗೆದು 1 ಮಾಡಿ. ರಿಪೇರಿ ಆಮೇಲೆ ಆಗಲಿ, ಮೊದಲು ಪ್ರಶ್ನೆಪತ್ರಿಕೆ ಉಳಿಸ್ಕೊಳ್ಳಿ.

ಇನ್ನು ರೋಗ. ರ‍್ಯಾಮ್ ತೆಗೆದು ಅದರ ಚಿನ್ನದ ಹಲ್ಲುಗಳನ್ನ ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ ಹಾಕಿ. ನನ್ನ ಅಂಗಡಿಯಲ್ಲಿ ಅರ್ಧ ರಿಪೇರಿ ಅದೇ.

ಬಿಸಿಲೂರು ಹುಡುಗ (ಗುರುವಾರ 10:36)
ಕಾಕಾ, ರಬ್ಬರ್ ಉಜ್ಜಿದರೆ ಮೇಲಿನ ಲೇಪ ಸವೆಯುತ್ತೆ ಅಂತಾರೆ.

ಝೆರಾಕ್ಸ್ ಕಾಕಾ (ಗುರುವಾರ 10:38)
ಹದಿನೆಂಟು ವರ್ಷದಿಂದ ಉಜ್ತಾ ಇದ್ದೀನಿ ತಮ್ಮಾ, ಇನ್ನೂ ಸವೆದಿಲ್ಲ.

ಮಲ್ಟಿಮೀಟರ್ (ಗುರುವಾರ 10:50)
ರ‍್ಯಾಮ್ ಸಡಿಲ ಇದ್ದರೆ ನೀಲಿ ಪರದೆ ಬರುತ್ತೆ, ಹ್ಯಾಂಗ್ ಆಗುತ್ತೆ, ಇಲ್ಲಾ ಆನ್ ಆಗುವಾಗ ಬೀಪ್ ಬೀಪ್ ಅನ್ನುತ್ತೆ. ಹೀಗೆ ಸದ್ದಿಲ್ಲದೆ ಹೋಗೋದು ಕಡಿಮೆ.

ಮಾಸ್ತರ್ರೇ, ಎರಡು ಪ್ರಶ್ನೆ. ಆಫ್ ಆದಾಗ ಮಾನಿಟರ್‌ನ ಕೆಳಗಿನ ಪುಟ್ಟ ಲೈಟ್ ಏನಾಗುತ್ತೆ? ಬಣ್ಣ ಬದಲಾಗಿ ಮಿಣಮಿಣ ಅನ್ನುತ್ತಾ, ಅಥವಾ ಪೂರ್ತಿ ಆರುತ್ತಾ? ಇನ್ನೊಂದು, ಕರೆಂಟ್ ಹೋದಾಗ ನಿಮ್ಮ ಯುಪಿಎಸ್ ಎಷ್ಟು ನಿಮಿಷ ನಿಲ್ಲುತ್ತೆ?

ಮಾನ್ವಿ ಮಾಸ್ತರ್ (ಗುರುವಾರ 11:15)
ಎಲ್ಲರಿಗೂ ಧನ್ಯವಾದ. ವರ್ಡ್‌ನಲ್ಲಿ 1 ಮಾಡಿದೆ ಕಾಕಾ. ಮಾನಿಟರ್ ಲೈಟ್ ನಾನು ಗಮನಿಸಿಲ್ಲ, ಸಿಟ್ಟಿನಲ್ಲಿ ಯಾರು ನೋಡ್ತಾರೆ? ಯುಪಿಎಸ್ ಎಷ್ಟು ಹೊತ್ತು ನಿಲ್ಲುತ್ತೆ ಗೊತ್ತಿಲ್ಲ. ಲೋಡ್ ಶೆಡ್ಡಿಂಗ್ ಸಮಯ ನಮಗೆ ಗೊತ್ತಿರುತ್ತೆ, ಆಗ ಕಂಪ್ಯೂಟರ್ ಹಚ್ಚೋದೇ ಇಲ್ಲ. ಟೆಂಪರೇಚರ್ ನೋಡಿದೆ, 88 ತೋರಿಸ್ತಿದೆ! ವರ್ಡ್ ಒಂದೇ ತೆರೆದಿರೋದು. ನಾಳೆಯೇ ಬಿಚ್ಚಿ ಒರೆಸ್ತೀನಿ.

ಬಿಸಿಲೂರು ಹುಡುಗ (ಗುರುವಾರ 11:17)
ನಾನು ಹೇಳಿದ್ನಲ್ಲ ಸರ್. 88 ಅಂದ್ರೆ ಮಿರ್ಚಿ ಕರಿಯಬಹುದು.

ತೋರಣಗಲ್ಲು ಧೂಳು (ಗುರುವಾರ 11:20)
ಮಿರ್ಚಿ ಕರಿಯೋಕೆ 88 ಸಾಲಲ್ಲ ತಮ್ಮ, ಎಣ್ಣೆ ಅದರ ಎರಡರಷ್ಟು ಕಾಯಬೇಕು. ಮಂಡಕ್ಕಿ ಒಗ್ಗರಣೆಗೂ ಆಗಲ್ಲ.

ಮಾನ್ವಿ ಮಾಸ್ತರ್ (ಶನಿವಾರ ರಾತ್ರಿ 8:30)
ಸಿಹಿ ಸುದ್ದಿ. ನಿನ್ನೆ ಬಿಚ್ಚಿದೆ. ಒಳಗಿನ ಸ್ಥಿತಿ ಹೇಳೋಕೆ ನಾಚಿಕೆ. ಧೂಳು ಒಂದು ಕಡೆ, ಮಗಳ ಕೂದಲು ಒಂದು ಕಡೆ, ಜೊತೆಗೆ ಹತ್ತಿಯ ಎಳೆ. ಎದುರಿನ ಜಾಗದಲ್ಲಿ ಹತ್ತಿ ಗಾಡಿ ನಿಲ್ತವೆ, ಅಲ್ಲಿಂದ ಬಂದಿರಬೇಕು. ಹಳೇ ಪೇಸ್ಟ್ ಉಗುರಿನಿಂದ ಕೆರೆದರೆ ಪುಡಿ ಉದುರಿತು. ಹೊಸ ಪೇಸ್ಟ್ ಕಡಲೆಕಾಳಿನಷ್ಟು ಹಚ್ಚಿ ಕೂಡಿಸಿದೆ. ಈಗ 58ರಿಂದ 61. ನಿನ್ನೆ ಮೂರು ತಾಸು, ಇವತ್ತು ನಾಲ್ಕು ತಾಸು ಓಡಿಸಿದೆ, ಒಂದು ಸಲವೂ ಆಫ್ ಆಗಿಲ್ಲ. ಬಿಸಿಲೂರು ಹುಡುಗನಿಗೆ ನನ್ನ ಕಡೆಯಿಂದ ನೂರಕ್ಕೆ ನೂರು ಅಂಕ.

ಬಿಸಿಲೂರು ಹುಡುಗ (ಶನಿವಾರ 8:34)
ಧನ್ಯವಾದ ಸರ್! ನಮ್ಮ ಕಾಲೇಜಿನಲ್ಲೂ ಇಷ್ಟು ಕೊಟ್ಟಿದ್ದರೆ ಚೆನ್ನಾಗಿರ್ತಿತ್ತು.

ಮಲ್ಟಿಮೀಟರ್ (ಶನಿವಾರ 9:10)
ಒರೆಸಿದ್ದು ಒಳ್ಳೇದೇ. ಆದರೆ 88 ಅಂದ್ರೆ 100 ಅಲ್ಲ, ಅಲ್ವಾ? ನೀವೇ ಹೇಳಿದ್ರಿ, ಎರಡು ದಿನ ಸರಿ ಇದ್ದು ಆಮೇಲೆ ಕೈಕೊಡುತ್ತೆ ಅಂತ. ಈಗ ಎರಡು ದಿನ ಆಗಿದೆ, ಅಷ್ಟೇ. ನಾಳೆ ನೋಡಿ.

ಬಿಸಿಲೂರು ಹುಡುಗ (ಶನಿವಾರ 9:12)
ಅಣ್ಣ, ಕಣ್ಣು ಹಾಕಬೇಡಿ.

ಮಾನ್ವಿ ಮಾಸ್ತರ್ (ಭಾನುವಾರ ಸಂಜೆ 6:25)
ಆಫ್ ಆಯ್ತು. ಅರ್ಧ ತಾಸಿನಲ್ಲಿ ಎರಡು ಸಲ. ಮೊಬೈಲ್‌ನಿಂದ ಬರೀತಿದ್ದೀನಿ.

ತೋರಣಗಲ್ಲು ಧೂಳು (ಭಾನುವಾರ 6:31)
ಮಲ್ಟಿಮೀಟರ್ ಅಣ್ಣನ ಬಾಯಿಗೆ ಸಕ್ಕರೆ ಅಲ್ಲ, ಎಳ್ಳು ಹಾಕಬೇಕು.

ಭತ್ತದ ಕಣಜ (ಭಾನುವಾರ 6:40)
ನಾನು ಇನ್ನೂ ಫಾರ್ಮ್ಯಾಟ್ ಅಂತಲೇ ಹೇಳ್ತೀನಿ.

ಮಲ್ಟಿಮೀಟರ್ (ಭಾನುವಾರ 6:58)
ಮಾನಿಟರ್ ಲೈಟ್ ನೋಡಿದ್ರಾ?

ಮಾನ್ವಿ ಮಾಸ್ತರ್ (ಭಾನುವಾರ 7:06)
ಎರಡನೇ ಸಲ ನೋಡಿದೆ. ಪೂರ್ತಿ ಆರಿತು. ಒಂದು ಗಳಿಗೆ ಬಿಟ್ಟು ತಾನೇ ಹತ್ತಿತು. ಕಂಪ್ಯೂಟರ್ ಮಾತ್ರ ಹತ್ತಲಿಲ್ಲ, ಬಟನ್ ಒತ್ತಬೇಕಾಯ್ತು. ಇನ್ನೊಂದು, ಮಗಳು ಹೇಳ್ತಾಳೆ, ಆಫ್ ಆಗೋ ಮೊದಲು ಮೇಜಿನ ಕೆಳಗೆ ಟಿಕ್ ಅಂತ ಸದ್ದು ಬರುತ್ತಂತೆ. ಅವಳಿಗೆ ಮೊದಲಿಂದಲೂ ಗೊತ್ತಿತ್ತು, ನಾನು ಕೇಳಿಲ್ಲ ಅಂತ ಹೇಳಿಲ್ಲ.

ಮಲ್ಟಿಮೀಟರ್ (ಭಾನುವಾರ 7:30)
ಬಂತು ನೋಡಿ ದಾರಿಗೆ. ಎಲ್ಲರೂ ಸ್ವಲ್ಪ ನಿಧಾನಕ್ಕೆ ಓದಿ.

ಕಂಪ್ಯೂಟರ್ ಬಿಸಿಗೋ ರ‍್ಯಾಮ್‌ಗೋ ಆಫ್ ಆದರೆ ಮಾನಿಟರ್‌ಗೆ ಕರೆಂಟ್ ಇದ್ದೇ ಇರುತ್ತೆ. ಅದು ‘ಸಿಗ್ನಲ್ ಇಲ್ಲ’ ಅಂತ ತೋರಿಸಿ ಲೈಟ್ ಮಿಣಮಿಣ ಮಾಡ್ತಾ ಕೂರುತ್ತೆ. ಎಸ್‌ಎಂಪಿಎಸ್, ಅಂದ್ರೆ ಕ್ಯಾಬಿನೆಟ್ ಒಳಗೆ ಕರೆಂಟ್ ಹಂಚೋ ಡಬ್ಬಿ, ಕೆಟ್ಟಿದ್ದರೂ ಅಷ್ಟೇ. ಮಾನಿಟರ್ ಲೈಟೇ ಆರಿತು ಅಂದ್ರೆ ಎರಡಕ್ಕೂ ಕರೆಂಟ್ ಕೊಡೋ ಜಾಗದಲ್ಲೇ ಪೆಟ್ಟು. ಅಂದ್ರೆ ನಿಮ್ಮ ಯುಪಿಎಸ್, ಇಲ್ಲಾ ಅದರ ಹಿಂದಿನ ಪ್ಲಗ್ಗು, ಬೋರ್ಡು. ಕ್ಯಾಬಿನೆಟ್ ಒಳಗಿನ ಯಾವುದೂ ಅಲ್ಲ.

ಟಿಕ್ ಸದ್ದು ಯುಪಿಎಸ್‌ನ ರಿಲೇದು, ಅಂದ್ರೆ ತಾನೇ ಬದಲಾಗೋ ಸ್ವಿಚ್ಚಿನದು. ಮನೆಗಳಲ್ಲಿರೋ 600 ವಿಎ ಡಬ್ಬಿ ಯಾವಾಗಲೂ ಬ್ಯಾಟರಿಯಿಂದ ಓಡಲ್ಲ. ಗೋಡೆಯ ಕರೆಂಟನ್ನೇ ಕಂಪ್ಯೂಟರ್‌ಗೆ ದಾಟಿಸ್ತಾ ಇರುತ್ತೆ. ವೋಲ್ಟೇಜ್ ಸ್ವಲ್ಪ ಇಳಿದರೆ ಟಿಕ್ ಅಂತ ಒಳಗಿನ ಟ್ರಾನ್ಸ್‌ಫಾರ್ಮರ್‌ಗೆ ಬದಲಾಯಿಸಿ ಎತ್ತಿ ಕೊಡುತ್ತೆ, ತೀರಾ ಇಳಿದರೆ ಬ್ಯಾಟರಿಗೆ ಹಾರುತ್ತೆ. ಅಲ್ಲಿ ಬ್ಯಾಟರಿ ಸತ್ತಿದ್ದರೆ? ಬಾವಿಗೆ ಹಾರಿದ ಮೇಲೆ ನೀರಿಲ್ಲ ಅಂತ ಗೊತ್ತಾದ ಹಾಗೆ.

ಯುಪಿಎಸ್ ಬ್ಯಾಟರಿ ಕೊನೇ ಸಲ ಯಾವಾಗ ಬದಲಿಸಿದ್ರಿ?

ಮಾನ್ವಿ ಮಾಸ್ತರ್ (ಭಾನುವಾರ 7:34)
ಅದರಲ್ಲಿ ಬದಲಿಸೋ ಬ್ಯಾಟರಿ ಇರುತ್ತಾ?

ಝೆರಾಕ್ಸ್ ಕಾಕಾ (ಭಾನುವಾರ 7:35)
ಯಪ್ಪಾ.

ಮಲ್ಟಿಮೀಟರ್ (ಭಾನುವಾರ 7:41)
ಇರುತ್ತೆ ಸರ್. 12 ವೋಲ್ಟ್ 7 ಎಎಚ್, ಸಣ್ಣ ಇಟ್ಟಿಗೆ ಥರ, ಸೀಸ-ಆಸಿಡ್‌ದು. ಎರಡು ಮೂರು ವರ್ಷಕ್ಕೆ ಅದರ ಆಯಸ್ಸು ಮುಗೀತು. ನಮ್ಮ ಬಿಸಿಲಿಗೆ ಇನ್ನೂ ಬೇಗ. 25 ಡಿಗ್ರಿ ಲೆಕ್ಕದಲ್ಲಿ ಮಾಡಿದ ಬ್ಯಾಟರಿ ಅದು, ಹತ್ತು ಡಿಗ್ರಿ ಜಾಸ್ತಿಯಾದರೆ ಆಯಸ್ಸು ಹೆಚ್ಚುಕಡಿಮೆ ಅರ್ಧ. ನಿಮ್ಮದು ಆರು ವರ್ಷ ಅಂದ್ರೆ ಅದರ ತಿಥಿ ಮೂರ್ನಾಲ್ಕು ಸಲ ಆಗಿರಬೇಕಿತ್ತು.

ಬಿಸಿಲೂರು ಹುಡುಗ (ಭಾನುವಾರ 7:50)
ಆದರೆ ಅಣ್ಣ, ವೈಫೈ ಡಬ್ಬಿ ಯಾಕೆ ಆರಲ್ಲ? ವೋಲ್ಟೇಜ್ ಅಷ್ಟು ಇಳಿದರೆ ಅದೂ ಆರಬೇಕಲ್ವಾ?

ಮಲ್ಟಿಮೀಟರ್ (ಭಾನುವಾರ 7:56)
ಒಳ್ಳೇ ಪ್ರಶ್ನೆ. ಅದರ ಅಡಾಪ್ಟರ್ ಮೇಲೆ ಬರೆದಿರೋದು ಓದು: ಇನ್‌ಪುಟ್ 100-240. ಅದಕ್ಕೆ 150 ಬಂದರೂ ಊಟವೇ. ಆರಿಲ್ಲ ಅಂದ್ರೆ ಕರೆಂಟ್ ಪೂರ್ತಿ ಹೋಗಿಲ್ಲ ಅಂತ ಮಾತ್ರ ಅರ್ಥ. ಮಾಸ್ತರ್ರು ಅಲ್ಲೇ ದಾರಿ ತಪ್ಪಿದ್ದು.

ಶಕ್ತಿನಗರ ಪಕ್ಕದವ (ಭಾನುವಾರ 8:15)
ನಮ್ಮ ಜಿಲ್ಲೆಯಲ್ಲೇ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ಇದೆ, 1985ರಿಂದ ಕರೆಂಟ್ ತೆಗೀತಿದೆ, 1,720 ಮೆಗಾವ್ಯಾಟ್. ಬೂದಿ ನಮಗೆ, ಬಿಸಿ ನಮಗೆ, ವೋಲ್ಟೇಜ್ ಮಾತ್ರ ಬೇರೆಯವರಿಗೆ. ಮಾನ್ವಿಗೆ ಅಲ್ಲಿಂದ ದೂರ ಎಷ್ಟು ಹೇಳಿ?

ತೋರಣಗಲ್ಲು ಧೂಳು (ಭಾನುವಾರ 8:19)
ನಮ್ಮ ಕುಡಿತಿನಿಯದ್ದು 1,700. ಇಪ್ಪತ್ತು ಕಡಿಮೆ, ಆದರೂ ಸಂಜೆ ನಮ್ಮ ಬಲ್ಬು ಟೊಮೆಟೊ ಹಣ್ಣಿನ ಥರ ಉರಿಯುತ್ತೆ.

ಮಲ್ಟಿಮೀಟರ್ (ಭಾನುವಾರ 8:27)
ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಣ್ಣಂದಿರಾ. ಅಲ್ಲಿ ಹುಟ್ಟಿದ ಕರೆಂಟ್ ಗ್ರಿಡ್‌ಗೆ ಹೋಗುತ್ತೆ, ಪಕ್ಕದ ಮನೆಗೆ ಅಂತ ಬೇರೆ ಕೊಡ ಇಟ್ಟಿರಲ್ಲ. ಓಣಿಯ ವೋಲ್ಟೇಜ್ ಓಣಿಯ ಟ್ರಾನ್ಸ್‌ಫಾರ್ಮರ್, ಅದರಿಂದ ಬರೋ ತಂತಿಯ ಉದ್ದ, ದಪ್ಪ, ಕಂಬದ ಮೇಲಿನ ಜಾಯಿಂಟ್‌ಗಳ ಮೇಲೆ ನಿಂತಿರುತ್ತೆ. 230 ಬರಬೇಕು, ನೂರಕ್ಕೆ ಆರು ಆಚೀಚೆ ನಡೆಯುತ್ತೆ. ಸಾಲಿನ ಕೊನೇ ಮನೆಯವರಿಗೆ ಯಾವಾಗಲೂ ಪೆಟ್ಟು.

ಶಕ್ತಿನಗರ ಪಕ್ಕದವ (ಭಾನುವಾರ 8:30)
ತಾಂತ್ರಿಕವಾಗಿ ನೀವು ಸರಿ. ಹೊಟ್ಟೆ ಉರಿ ಮಾತ್ರ ಹಾಗೇ ಇದೆ.

ಮಾನ್ವಿ ಮಾಸ್ತರ್ (ಭಾನುವಾರ 8:44)
ನಮ್ಮದು ಕೊನೆಯಿಂದ ಎರಡನೇ ಮನೆ. ಆದರೆ ಒಂದು ಅನುಮಾನ. ವೋಲ್ಟೇಜ್ ಸಮಸ್ಯೆ ಆದರೆ ದಿನಾ ಆಗಬೇಕಲ್ವಾ? ಕಳೆದ ಭಾನುವಾರ ಮಧ್ಯಾಹ್ನದಿಂದ ರಾತ್ರಿವರೆಗೂ ಕೂತಿದ್ದೆ, ಏನೂ ಆಗಲಿಲ್ಲ.

ಮಲ್ಟಿಮೀಟರ್ (ಭಾನುವಾರ 8:52)
ಸ್ಟಾರ್ಟ್‌ನಲ್ಲಿ ಇವೆಂಟ್ ವ್ಯೂವರ್ ಅಂತ ಟೈಪ್ ಮಾಡಿ ತೆರೆಯಿರಿ. ವಿಂಡೋಸ್ ಲಾಗ್ಸ್, ಅದರಲ್ಲಿ ಸಿಸ್ಟಮ್. ಕರ್ನಲ್-ಪವರ್ 41 ಅಂತ ಕೆಂಪು ಗುರುತಿನ ಸಾಲುಗಳು ಇರ್ತವೆ. ಅದನ್ನ ನೋಡಿ ಹೆದರಬೇಡಿ, ಅದು ರೋಗದ ಹೆಸರಲ್ಲ. ‘ಹೋದ ಸಲ ಸರಿಯಾಗಿ ಮುಚ್ಚದೆ ಹೋಗಿದ್ದೆ’ ಅಂತ ಕಂಪ್ಯೂಟರ್ ಎದ್ದ ಮೇಲೆ ಬರ್ಕೊಳ್ಳೋ ಚೀಟಿ. ಅದರ ಪಕ್ಕ 6008 ನಂಬರಿನದ್ದು ಇರುತ್ತೆ, ಅದರಲ್ಲಿ ಆಫ್ ಆದ ಸಮಯ ಬರೆದಿರುತ್ತೆ. ಅವನ್ನ ಬರೆದು ಹಾಕಿ.

ಮಾನ್ವಿ ಮಾಸ್ತರ್ (ಭಾನುವಾರ 9:20)
ಸಿಕ್ಕಿತು. ಹೋದ ವಾರ ಶುಕ್ರವಾರ ಸಂಜೆ 5:48, 6:10. ಸೋಮವಾರ 5:41, 5:55, 6:20. ಗುರುವಾರ 5:50, 6:02. ಇವತ್ತು ಭಾನುವಾರ 5:52, 6:19. ನಡುವಿನ ದಿನ ಒಂದೂ ಇಲ್ಲ.

ಸಿಂಧನೂರು ಅಕ್ಕ (ಭಾನುವಾರ 9:31)
ಇಷ್ಟು ದಿನ ಸುಮ್ನೆ ಓದ್ತಾ ಇದ್ದೆ, ನನಗೆ ಕಂಪ್ಯೂಟರ್ ರಿಪೇರಿ ಬರಲ್ಲ. ಆದರೆ ಸರ್, ಶುಕ್ರವಾರ, ಸೋಮವಾರ, ಗುರುವಾರ, ಭಾನುವಾರ. ಮೂರು ದಿನಕ್ಕೊಮ್ಮೆ, ಸಂಜೆ ಐದೂವರೆಯಿಂದ ಆರೂವರೆ. ನಿಮ್ಮ ಓಣಿಗೆ ನಳದ ನೀರು ಯಾವತ್ತು ಬಿಡ್ತಾರೆ?

ಮಾನ್ವಿ ಮಾಸ್ತರ್ (ಭಾನುವಾರ 9:33)
ಒಂದು ನಿಮಿಷ ಅಕ್ಕಾರ.

ಮಾನ್ವಿ ಮಾಸ್ತರ್ (ಭಾನುವಾರ 9:47)
ಅವ್ವನ್ನ ಕೇಳಿದೆ. ಅಡುಗೆಮನೆ ಕ್ಯಾಲೆಂಡರ್ ತಂದು ಮುಂದೆ ಹಿಡಿದಳು. ನೀರು ಬಂದ ದಿನಕ್ಕೆಲ್ಲ ನೀಲಿ ಪೆನ್ನಿನಿಂದ ಸೊನ್ನೆ ಸುತ್ತಿದ್ದಾಳೆ. ಶುಕ್ರ, ಸೋಮ, ಗುರು, ಭಾನು. ಸಮಯ ಐದೂವರೆ. ಕಂಪ್ಯೂಟರ್‌ನಲ್ಲಿ ನಾನು ಅರ್ಧ ತಾಸು ಹುಡುಕಿದ ಪಟ್ಟಿ ಉಪ್ಪಿನ ಡಬ್ಬಿ ಪಕ್ಕದ ಗೋಡೆಗೆ ನೇತುಬಿದ್ದಿತ್ತು.

ತೋರಣಗಲ್ಲು ಧೂಳು (ಭಾನುವಾರ 9:50)
ಸಿಂಧನೂರು ಅಕ್ಕನಿಗೆ ನೂರಕ್ಕೆ ನೂರ ಹತ್ತು. ಹುಡುಗನ ಅಂಕ ವಾಪಸ್ ತಗೊಳ್ಳಿ.

ಸಿಂಧನೂರು ಅಕ್ಕ (ಭಾನುವಾರ 9:58)
ನಮ್ಮ ಮನೆಯಲ್ಲಿ ಇದೇ ಕಥೆ, ಕಂಪ್ಯೂಟರ್ ಅಲ್ಲ, ಟಿವಿ. ನೀರು ಬಂತು ಅಂದ ಕೂಡಲೇ ಓಣಿಯ ಇಪ್ಪತ್ತು ಮನೆಯವರು ಒಟ್ಟಿಗೆ ಮೋಟಾರ್ ಹಚ್ಚುತ್ತಾರೆ. ಟ್ಯೂಬ್‌ಲೈಟ್ ಪಕಪಕ ಅನ್ನುತ್ತೆ, ಫ್ಯಾನು ನಿದ್ದೆಗಣ್ಣಲ್ಲಿ ತಿರುಗುತ್ತೆ, ಮಿಕ್ಸಿ ಗೊರ್ ಅಂತ ನಿಲ್ಲುತ್ತೆ. ನೀರಿನ ದಿನ ಮಿಕ್ಸಿ ಕೆಲಸ ಐದರೊಳಗೆ ಮುಗಿಸ್ಕೋಬೇಕು ಅಂತ ಇಲ್ಲಿ ಎಲ್ಲ ಹೆಂಗಸರಿಗೂ ಗೊತ್ತು.

ಮಲ್ಟಿಮೀಟರ್ (ಭಾನುವಾರ 10:04)
ಅಕ್ಕಾ, ನಿಮಗೆ ರಿಪೇರಿ ಬರಲ್ಲ ಅಂದ್ರಿ, ಇಲ್ಲಿ ಮೂರು ದಿನದಿಂದ ಯಾರಿಗೂ ಬಂದಿರಲಿಲ್ಲ.

ಲೆಕ್ಕ ನೋಡಿ. ಅರ್ಧ ಎಚ್‌ಪಿ ಮೋಟಾರ್ ಅಂದ್ರೆ ಸುಮಾರು 375 ವ್ಯಾಟ್ ಅಂತ ಹೆಸರು. ಆದರೆ ಹಚ್ಚಿದ ಗಳಿಗೆಯಲ್ಲಿ ಅದು ಎಳೆಯೋ ಕರೆಂಟ್ ಐದಾರು ಪಟ್ಟು. ಮೊದಲೇ ಹತ್ತಾರು ಓಡ್ತಾ ಇರುವಾಗ ಇನ್ನೊಂದು ಎದ್ದರೆ ಸಾಲಿನ ಕೊನೆಯಲ್ಲಿ ವೋಲ್ಟೇಜ್ ಒಮ್ಮೆ ಮುಗ್ಗರಿಸುತ್ತೆ. ಅದಕ್ಕೇ ಒಂದೇ ಸಲ ಅಲ್ಲ, ಸಂಜೆಗೆ ಎರಡು ಮೂರು ಸಲ.

ಝೆರಾಕ್ಸ್ ಕಾಕಾ (ಭಾನುವಾರ 10:10)
ನಳಕ್ಕೆ ನೇರ ಮೋಟಾರ್ ಹಚ್ಚೋದೇ ತಪ್ಪಲ್ವೇನ್ರೀ? ಪುರಸಭೆಯವರು ಬಂದರೆ ಮೋಟಾರ್ ಎತ್ಕೊಂಡು ಹೋಗ್ತಾರೆ.

ಸಿಂಧನೂರು ಅಕ್ಕ (ಭಾನುವಾರ 10:13)
ಹಚ್ಚದಿದ್ದರೆ ಬೆರಳಷ್ಟು ಸಣ್ಣ ನೀರೂ ಬರಲ್ಲ ಅಣ್ಣಾರ. ಮೇಲಿನ ಮನೆಯವರು ಎಳೆದ ಮೇಲೆ ನಮಗೆ ಬರೀ ಗಾಳಿ. ಎಲ್ಲರೂ ಬಿಟ್ಟರೆ ನಾವೂ ಬಿಡ್ತೀವಿ.

ಶಕ್ತಿನಗರ ಪಕ್ಕದವ (ಭಾನುವಾರ 10:15)
ಎಲ್ಲರೂ ಅದನ್ನೇ ಹೇಳೋದು.

ಝೆರಾಕ್ಸ್ ಕಾಕಾ (ಭಾನುವಾರ 10:16)
ನಮ್ಮ ಮನೆಯಲ್ಲೂ ಇದೆ ಬಿಡಿ. ಸುಮ್ನೆ ಕೇಳಿದೆ.

ಭತ್ತದ ಕಣಜ (ಭಾನುವಾರ 10:24)
ಹೊಸ ಕಂಪ್ಯೂಟರ್ ತಗೊಳ್ಳಿ ಸರ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ.

ಬಿಸಿಲೂರು ಹುಡುಗ (ಭಾನುವಾರ 10:27)
ಅದು ನಿಜ, ಆದರೆ ಸರ್ ಅವರ ಎಂಟನೇ ತಲೆಮಾರಿನದಕ್ಕೆ ವಿಂಡೋಸ್ 11 ಹಾಕಬಹುದು. ಅದಕ್ಕೂ ಮೊದಲು ನೀರಿನ ಸಮಸ್ಯೆ ಮುಗಿಯಲಿ. ವಿಂಡೋಸ್ 11ರಲ್ಲೂ ನಳ ಮೂರು ದಿನಕ್ಕೊಮ್ಮೆಯೇ.

ಮಲ್ಟಿಮೀಟರ್ (ಭಾನುವಾರ 10:40)
ಮಾಸ್ತರ್ರೇ, ಬ್ಯಾಟರಿ ಕೊಳ್ಳೋ ಮೊದಲು ಖಾತ್ರಿ ಮಾಡ್ಕೊಳ್ಳಿ. ಕಂಪ್ಯೂಟರ್ ಆಫ್ ಮಾಡಿ ಯುಪಿಎಸ್‌ನಿಂದ ಬಿಡಿಸಿ. ಅಲ್ಲಿ ಹಳೇ 60 ವ್ಯಾಟಿನ ಬಲ್ಬು ಇರೋ ಟೇಬಲ್ ಲ್ಯಾಂಪ್ ಹಾಕಿ. ಯುಪಿಎಸ್ ಆನ್ ಇರಲಿ. ಈಗ ಗೋಡೆಯಿಂದ ಅದರ ಪ್ಲಗ್ ಕಿತ್ತುಬಿಡಿ. ಬಲ್ಬು ಉರೀತಾ ಇದ್ದರೆ ನಾನು ಸುಳ್ಳುಗಾರ.

ಮಾನ್ವಿ ಮಾಸ್ತರ್ (ಸೋಮವಾರ ಬೆಳಿಗ್ಗೆ 7:15)
ಮಾಡಿದೆ. ಇಡೀ ಮನೆ ಸುತ್ತ ನಿಂತಿತ್ತು. ಪ್ಲಗ್ ಕಿತ್ತೆ. ಟಿಕ್. ಕತ್ತಲೆ. ಮಗಳು ‘ಅದೇ ಸದ್ದು, ಅದೇ ಸದ್ದು’ ಅಂತ ಕುಣಿದಳು. ಆರು ವರ್ಷದಿಂದ ಈ ಡಬ್ಬಿಗೆ ದಸರಾದಲ್ಲಿ ಪೂಜೆ ಬೇರೆ ಮಾಡ್ತಿದ್ದೀನಿ.

ತೋರಣಗಲ್ಲು ಧೂಳು (ಸೋಮವಾರ 7:22)
ಆಯುಧ ಪೂಜೆಯಲ್ಲಿ ಕುಂಬಳಕಾಯಿ ಜೊತೆ ಬ್ಯಾಟರಿಯನ್ನೂ ಒಡೀಬೇಕಿತ್ತು.

ಮಲ್ಟಿಮೀಟರ್ (ಸೋಮವಾರ 8:00)
ಒಡೀಬೇಡಿ, ಒಳಗೆ ಆಸಿಡ್ ಇದೆ. ಬುಧವಾರ ನೀರಿನ ದಿನ ಅಲ್ವಾ? ಇನ್ನೊಂದು ಪರೀಕ್ಷೆ. ಅವತ್ತು ಯುಪಿಎಸ್ ಬಿಟ್ಟು ಕಂಪ್ಯೂಟರನ್ನ ನೇರ ಗೋಡೆಗೆ ಹಾಕಿ. ಮುಖ್ಯ ಕೆಲಸ ಏನೂ ಇಟ್ಕೋಬೇಡಿ, ಸುಮ್ನೆ ಓಡಲಿ. ಒಂದೇ ದಿನ ಮಾತ್ರ, ದಿನಾ ಹಾಗೆ ಇಡಬೇಡಿ. ಇನ್ನೊಂದು, ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತಾ?

ಮಾನ್ವಿ ಮಾಸ್ತರ್ (ಸೋಮವಾರ 8:05)
ಅನ್ನುತ್ತೆ. ಬರಿಗಾಲಿದ್ದರೆ ಜಾಸ್ತಿ. ಎಲ್ಲ ಕಂಪ್ಯೂಟರೂ ಹಾಗೇ ಅಂದ್ಕೊಂಡಿದ್ದೆ.

ಮಲ್ಟಿಮೀಟರ್ (ಸೋಮವಾರ 8:11)
ಅಲ್ಲ ಸರ್. ನಿಮ್ಮ ಪ್ಲಗ್‌ನ ಮೂರನೇ ತೂತಿಗೆ ಅರ್ಥ್ ಬಂದಿಲ್ಲ, ಇಲ್ಲಾ ಅಂಗಳದ ಅರ್ಥ್ ಗುಂಡಿ ಒಣಗಿದೆ. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಕಂಪ್ಯೂಟರ್ ಆಫ್ ಆಗೋದಕ್ಕೂ ಇದಕ್ಕೂ ಸಂಬಂಧ ಇಲ್ಲ, ಆದರೆ ಮಗಳು ಮುಟ್ಟೋ ವಸ್ತು. ನನ್ನ ಕೇಳಿದರೆ ಬ್ಯಾಟರಿಗಿಂತ ಮೊದಲು ಇದು. ಬೇಸಿಗೆಯಲ್ಲಿ ಆ ಗುಂಡಿಗೆ ವಾರಕ್ಕೊಂದು ಕೊಡ ನೀರು ಹಾಕಿ.

ಶಕ್ತಿನಗರ ಪಕ್ಕದವ (ಸೋಮವಾರ 8:14)
ಆ ನೀರಿಗೂ ಮೋಟಾರ್ ಹಚ್ಚಬೇಕಲ್ಲ.

ಝೆರಾಕ್ಸ್ ಕಾಕಾ (ಸೋಮವಾರ 11:30)
ಯುಪಿಎಸ್‌ಗೆ ಲೇಸರ್ ಪ್ರಿಂಟರ್ ಹಾಕಿಲ್ಲ ತಾನೇ? ಪ್ರಶ್ನೆಪತ್ರಿಕೆ ಅಂದ್ರಲ್ಲ, ಅದಕ್ಕೆ ಕೇಳ್ತಿದ್ದೀನಿ. ಒಳಗಿನ ರೋಲರ್ ಕಾಯೋಕೆ ಅದು ನೂರಾರು ವ್ಯಾಟ್ ಎಳೆಯುತ್ತೆ. 600 ವಿಎ ಅಂದ್ರೆ ನಿಜವಾಗಿ ಕೊಡೋದು 360 ವ್ಯಾಟ್ ಆಸುಪಾಸು. ನನ್ನ ಅಂಗಡಿಯ ಮೊದಲ ಯುಪಿಎಸ್ ಹಾಗೇ ಹೊಗೆ ಬಿಟ್ಟಿತು, ಗಿರಾಕಿ ಮದುವೆ ಕಾರ್ಡಿಗೆ ಕಾಯ್ತಾ ಕೂತಿದ್ದರು.

ಇನ್ನೊಂದು ಕಥೆ ನೆನಪಾಯ್ತು. ಒಬ್ಬರು ಕಂಪ್ಯೂಟರ್ ತಂದರು, ಹೀಗೇ ಟಪ್ ಅಂತ ಆಫ್. ಎಸ್‌ಎಂಪಿಎಸ್ ಹಿಂದಿನ ಜಾಲರಿಯೊಳಗೆ ಟಾರ್ಚ್ ಬಿಟ್ಟು ನೋಡಿದರೆ ಹಲ್ಲಿ. ಚಪ್ಪಟೆಯಾಗಿ ಒಣಗಿ ಹಪ್ಪಳ ಆಗಿದೆ. ಬೆಚ್ಚಗಿದೆ ಅಂತ ಒಳಗೆ ಹೋಗಿ ಎರಡು ಕಡೆ ಮುಟ್ಟಿದೆ, ಪಾಪ. ಬಾಲ ಮಾತ್ರ ಹೊರಗೆ. ಗಿರಾಕಿ ಕೇಳಿದ್ದು ಒಂದೇ ಮಾತು, ‘ಬಲಕ್ಕೆ ಬಿದ್ದಿದೆಯೋ ಎಡಕ್ಕೋ?’

ಬಿಸಿಲೂರು ಹುಡುಗ (ಸೋಮವಾರ 11:42)
ಎಸ್‌ಎಂಪಿಎಸ್ ಬಿಚ್ಚಿದ್ರಾ ಕಾಕಾ?

ಝೆರಾಕ್ಸ್ ಕಾಕಾ (ಸೋಮವಾರ 11:45)
ಇಲ್ಲಪ್ಪ, ಹೊಸದು ಹಾಕಿದೆ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಮುನ್ನೂರು ವೋಲ್ಟ್ ಕೂತಿರುತ್ತೆ. ನೀನೂ ಬಿಚ್ಚಬೇಡ.

ಮಾನ್ವಿ ಮಾಸ್ತರ್ (ಬುಧವಾರ ಸಂಜೆ 7:05)
ನೇರ ಗೋಡೆಗೆ ಹಾಕಿದ್ದೆ. 5:35ಕ್ಕೆ ನೀರು ಬಂತು. ಲೈಟ್ ಮೂರು ಸಲ ಮಂಕಾಯ್ತು, ಫ್ಯಾನು ನಿಧಾನ ಆಯ್ತು, ಕಂಪ್ಯೂಟರ್ ಒಮ್ಮೆಯೂ ಆಫ್ ಆಗಲಿಲ್ಲ! ಯುಪಿಎಸ್ ಇಲ್ಲದಿದ್ದರೆ ಓಡುತ್ತೆ, ಇದ್ದರೆ ಸಾಯುತ್ತೆ. ಕಾವಲಿಗೆ ಇಟ್ಟವನೇ ಬಾಗಿಲು ತೆರೆದು ಕೊಟ್ಟ ಹಾಗಾಯ್ತು. ಅರ್ಥ್ ತಂತಿ ಮೀಟರ್ ಬೋರ್ಡಿನ ಹತ್ತಿರ ಬಿಚ್ಚಿಹೋಗಿತ್ತು, ನಿನ್ನೆ ಹಾಕಿಸಿದೆ. ಈಗ ಜುಮ್ ಇಲ್ಲ.

ಮಲ್ಟಿಮೀಟರ್ (ಬುಧವಾರ 7:20)
ಕಂಪ್ಯೂಟರ್, ಮಾನಿಟರ್ ಎರಡೂ ಸೇರಿ ನಿಮ್ಮದು ನೂರು ವ್ಯಾಟೂ ಎಳೆಯಲ್ಲ, ಹಾಗಾಗಿ ಎಸ್‌ಎಂಪಿಎಸ್ ಆ ಒಂದು ಗಳಿಗೆ ತಡ್ಕೊಳ್ತು. ಈಗ ಧೈರ್ಯವಾಗಿ ಬ್ಯಾಟರಿ ಹಾಕಿಸಿ. ತಯಾರಾದ ತಿಂಗಳು ನೋಡಿ ತಗೊಳ್ಳಿ, ಅಂಗಡಿಯ ಅಟ್ಟದಲ್ಲಿ ಎರಡು ವರ್ಷ ಮಲಗಿದ್ದು ಬೇಡ. ಕೆಂಪು ತಂತಿ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಹಾಕಿದ ಮೇಲೆ ಏಳೆಂಟು ತಾಸು ಚಾರ್ಜ್ ಆಗಲಿ.

ಮಾನ್ವಿ ಮಾಸ್ತರ್ (ಶನಿವಾರ ಸಂಜೆ 7:10)
ಹಾಕಿಸಿದೆ. ಸಾವಿರದ ಐವತ್ತು ರೂಪಾಯಿ. ಹಳೇದರ ಹೊಟ್ಟೆ ಉಬ್ಬಿ ಡಬ್ಬಿಯಿಂದ ಬರಲೇ ಇಲ್ಲ, ಸ್ಕ್ರೂ ಡ್ರೈವರ್ ಹಾಕಿ ಮೀಟಿ ತೆಗೆದೆವು. ಅಂಗಡಿಯವರು ಮೀಟರ್ ಇಟ್ಟು ತೋರಿಸಿದರು, 12 ಇರಬೇಕಾದ ಕಡೆ 4 ಚಿಲ್ಲರೆ.

ಇವತ್ತು ನೀರಿನ ದಿನ. ಐದೂ ನಲವತ್ತಕ್ಕೆ ಟಿಕ್ ಅಂತು. ನನ್ನ ಎದೆ ಧಸಕ್ ಅಂತು. ಪರದೆ ಹಾಗೇ ಇತ್ತು. ಮತ್ತೆ ಟಿಕ್. ಹೀಗೆ ನಾಲ್ಕು ಸಲ. ಏಳನೇ ತರಗತಿಯ ಪತ್ರಿಕೆ ಮೂರನೇ ಸಲ ಟೈಪ್ ಮಾಡಿ ಮುಗಿಸಿದೆ, ಈಗ ಪ್ರಶ್ನೆಗಳು ನನಗೇ ಬಾಯಿಪಾಠ. ಅವ್ವ ಮಾತ್ರ ಇನ್ನೂ ನಂಬಿಲ್ಲ. ಮೋಟಾರ್ ಸ್ವಿಚ್ ಮೇಲೆ ಕೈ ಇಟ್ಟು ಅಡುಗೆಮನೆಯಿಂದ ಕೂಗ್ತಾಳೆ, ‘ಹಚ್ಚಲೇನೋ? ಸೇವ್ ಮಾಡ್ಕೊಂಡ್ಯಾ?’

ಭತ್ತದ ಕಣಜ (ಶನಿವಾರ 7:18)
ಒಳ್ಳೇದಾಯ್ತು ಸರ್. ಇವತ್ತು ಬೆಳಿಗ್ಗೆಯಿಂದ ನನ್ನದೂ ಆಫ್ ಆಗ್ತಿದೆ. ಫಾರ್ಮ್ಯಾಟ್ ಮಾಡಿದೆ, ಆದರೂ ಆಗ್ತಿದೆ.

ಮಲ್ಟಿಮೀಟರ್ (ಶನಿವಾರ 7:20)
ಮಾನಿಟರ್ ಲೈಟ್ ಏನಾಗುತ್ತೆ?

ಝೆರಾಕ್ಸ್ ಕಾಕಾ (ಶನಿವಾರ 7:26)
ಮಾಸ್ತರ್ರೇ, ಹಳೇ ಬ್ಯಾಟರಿ ಕಸಕ್ಕೆ ಹಾಕಬೇಡಿ, ಒಳಗೆ ಸೀಸ ಇದೆ. ಕೊಂಡ ಅಂಗಡಿಗೇ ವಾಪಸ್ ಕೊಡಿ, ನೂರಿನ್ನೂರು ಮುರಿದುಕೊಡ್ತಾರೆ. ಕೊಡದಿದ್ದರೆ ಜಗಳ ಆಡಿ.